ಬ್ರೇಡ್ ದಾರ ಕೈಕೊಟ್ಟಾಗ: ತುಂಡಾದ ತುದಿಯಿಂದ ಆರಂಭಿಸಿ ದೋಷ ಪತ್ತೆ ಹಚ್ಚುವ ಕ್ರಮ

ಬೆಣ್ಣೆತೊರಾ ಜಲಾಶಯದ ಹಿನ್ನೀರಿನಲ್ಲಿ, ಭಾಲ್ಕಿ ಕಡೆಯ ಕಾರಂಜಾದಲ್ಲಿ, ನಾರಾಯಣಪುರದ ಬಸವಸಾಗರದ ಅಂಚಿನಲ್ಲಿ ರಾಡು, ರೀಲು ಹಿಡಿದು ಗಾಳ ಹಾಕುವ ಹವ್ಯಾಸಿಗಳಲ್ಲಿ ಅನೇಕರು ನೈಲಾನ್ ದಾರವನ್ನು ಬಿಟ್ಟು ಹೆಣೆದ ದಾರಕ್ಕೆ, ಅಂದರೆ ಬ್ರೇಡ್ ದಾರಕ್ಕೆ ಬಂದಿದ್ದಾರೆ. ಹಾಗೆ ಬಂದವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ: ಐವತ್ತು ಪೌಂಡಿನ ಎಳೆತ ತಡೆಯುವ ದಾರವೆಂದು ತಂದದ್ದು ಎರಡು ಕಿಲೋ ಮೀನಿಗೆ ತುಂಡಾಯಿತು. ಆಗ ಹೆಚ್ಚಿನವರು ಅಂಗಡಿಗೆ ಹೋಗಿ ಇನ್ನೂ ದಪ್ಪನೆಯ ದಾರ ತರುತ್ತಾರೆ. ಇದರಿಂದ ಹಣ ಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ, ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ದಾರದ ಬಲದಲ್ಲಲ್ಲ.

ಇದನ್ನು ಒಂದು ಸರಳ ಲೆಕ್ಕದಿಂದಲೇ ತಿಳಿಯಬಹುದು. ಐವತ್ತು ಪೌಂಡ್ ಎಂದರೆ ಸುಮಾರು 22.7 ಕಿಲೋ. ಕೊರವ ಮೀನಿಗೆ ನಾವು ಬಳಸುವ ಸಾಮಾನ್ಯ ರೀಲುಗಳ ಡ್ರ್ಯಾಗನ್ನು, ಅಂದರೆ ಎಳೆತ ಮಿತಿ ಮೀರಿದಾಗ ದಾರವನ್ನು ಜಾರಬಿಡುವ ಬಿರಿಯನ್ನು, ಪೂರ್ತಿ ಬಿಗಿ ಮಾಡಿದರೂ ಅದು ಐದರಿಂದ ಎಂಟು ಕಿಲೋ ಎಳೆತಕ್ಕೆ ಜಾರತೊಡಗುತ್ತದೆ. ಹೀಗಿರುವಾಗ ಸುಸ್ಥಿತಿಯಲ್ಲಿರುವ ಐವತ್ತು ಪೌಂಡಿನ ದಾರದ ಮೇಲೆ 22 ಕಿಲೋ ಭಾರ ಬೀಳುವುದಕ್ಕೆ ದಾರಿಯೇ ಇಲ್ಲ. ಅದಕ್ಕೆ ಮೊದಲೇ ಡ್ರ್ಯಾಗ್ ದಾರ ಬಿಡಬೇಕು, ಇಲ್ಲವೇ ಕೊಕ್ಕೆ ನೆಟ್ಟಗಾಗಬೇಕು, ಇಲ್ಲವೇ ರಾಡು ಮುರಿಯಬೇಕು. ಇವು ಯಾವುವೂ ಆಗದೆ ದಾರವೇ ತುಂಡಾಯಿತೆಂದರೆ ಕಾರಣಗಳು ನಾಲ್ಕೇ ಉಳಿಯುತ್ತವೆ: ದಾರಕ್ಕೆ ಮೊದಲೇ ಗಾಯವಾಗಿತ್ತು, ಗಂಟು ಕೆಟ್ಟಿತ್ತು, ರೀಲಿನಲ್ಲಿ ದಾರ ಸುತ್ತಿರುವ ಗಾಲಿಯಲ್ಲಿ, ಅಂದರೆ ಸ್ಪೂಲಿನಲ್ಲಿ, ದಾರ ಸಿಕ್ಕಿಕೊಂಡು ಡ್ರ್ಯಾಗ್ ಕೆಲಸ ಮಾಡಲಿಲ್ಲ, ಅಥವಾ ಪೆಟ್ಟಿಗೆಯ ಮೇಲೆ ಬರೆದಷ್ಟು ಬಲ ದಾರಕ್ಕೆ ಇರಲೇ ಇಲ್ಲ. ಈ ನಾಲ್ಕರಲ್ಲಿ ಯಾವುದೆಂಬುದನ್ನು ಕೈಯಲ್ಲಿ ಉಳಿದ ತುದಿಯೇ ತಿಳಿಸುತ್ತದೆ. ಆದ್ದರಿಂದ ದಾರ ತುಂಡಾದ ಕೂಡಲೇ ಹೊಸ ಕೊಕ್ಕೆ ಕಟ್ಟುವ ಆತುರ ಬೇಡ. ತುದಿಯನ್ನು ಕತ್ತರಿಸದೆ ಬೆಳಕಿಗೆ ಹಿಡಿದು ನೋಡಬೇಕು.

ತುದಿಯನ್ನು ಓದುವ ಬಗೆ

ತುದಿಯು ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡು ಇಡಿಯಾಗಿ ಬಂದಿದ್ದರೆ ದಾರ ತುಂಡಾಗಿಯೇ ಇಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ. ಬ್ರೇಡ್ ದಾರದ ಎಳೆಗಳು ಅತಿ ಉದ್ದದ ಅಣುಸರಪಳಿಗಳುಳ್ಳ ಪಾಲಿಎಥಿಲೀನ್‌ನಿಂದ ಆದವು; ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರುಗಳಲ್ಲಿ ಮಾರಾಟವಾಗುವುದು ಇದೇ ನಾರು. ತೂಕಕ್ಕೆ ಹೋಲಿಸಿದರೆ ಇದರ ಬಲ ಅಸಾಧಾರಣವಾದುದು, ಆದರೆ ಮೈ ಬಹಳ ನುಣುಪು. ನೈಲಾನ್ ದಾರದಲ್ಲಿ ಸುತ್ತುಗಳು ಒಂದನ್ನೊಂದು ಅದುಮಿ ಕಚ್ಚಿ ಹಿಡಿಯುತ್ತವೆ, ಇದರಲ್ಲಿ ಹಾಗೆ ಹಿಡಿಯುವುದಿಲ್ಲ. ಆದಕಾರಣ ನೈಲಾನ್ ದಾರಕ್ಕೆ ತಲೆಮಾರುಗಳಿಂದ ಹಾಕುತ್ತ ಬಂದ ಸುತ್ತುಗಂಟನ್ನೇ ಇದಕ್ಕೂ ಹಾಕಿದರೆ ಅದು ಮನೆಯಲ್ಲಿ ಎಳೆದು ನೋಡಿದಾಗ ನಿಲ್ಲುತ್ತದೆ, ನೀರಿನಲ್ಲಿ ಮೀನು ಎರಡು ಸಲ ತಲೆ ಕೊಡವಿದಾಗ ಜಾರುತ್ತದೆ. ಇದಕ್ಕೆ ಪರಿಹಾರ ಪಾಲೋಮಾರ್ ಗಂಟು. ದಾರವನ್ನು ಮಡಚಿ ಜೋಡಿಯಾಗಿಯೇ ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಆ ಜೋಡಿದಾರದಿಂದ ಒಂದು ಸಾದಾ ಗಂಟು ಹಾಕಿ, ಮಡಿಕೆಯ ಕುಣಿಕೆಯೊಳಗಿಂದ ಇಡೀ ಕೊಕ್ಕೆಯನ್ನು ದಾಟಿಸಿ, ಒದ್ದೆ ಮಾಡಿ ಬಿಗಿಯಬೇಕು. ಕಣ್ಣಿನ ಮೇಲೆ ಎರಡು ಎಳೆ ಕೂರುವುದರಿಂದ ಇದು ಜಾರುವುದು ಅಪರೂಪ. ಬೆರಳಿಗೆ ಅಭ್ಯಾಸವಾದ ಯುನಿ ಗಂಟನ್ನೇ ಹಾಕುವುದಾದರೆ ನೈಲಾನ್ ದಾರಕ್ಕೆ ಸುತ್ತುತ್ತಿದ್ದುದಕ್ಕಿಂತ ಮೂರು ನಾಲ್ಕು ಸುತ್ತು ಹೆಚ್ಚಿಗೆ ಸುತ್ತಬೇಕು ಮತ್ತು ಉಳಿದ ತುದಿಯನ್ನು ಗಂಟಿನ ಬುಡಕ್ಕೇ ಕತ್ತರಿಸದೆ ಭತ್ತದ ಕಾಳಿನಷ್ಟು ಬಿಡಬೇಕು.

ತುದಿ ಗಟ್ಟಿಯಾಗಿ, ಚಪ್ಪಟೆಯಾಗಿ, ಬೆರಳಿಗೆ ಒರಟಾಗಿ ತಗುಲಿದರೆ ಅದು ಬೆಂದ ಗಂಟು. ಈ ನಾರು ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ; ನೈಲಾನ್‌ಗೆ ಹೋಲಿಸಿದರೆ ಇದು ತೀರ ಕಡಿಮೆ. ಒಣ ದಾರದಲ್ಲಿ ಗಂಟನ್ನು ಒಮ್ಮೆಲೇ ರಪ್ಪನೆ ಎಳೆದು ಬಿಗಿದಾಗ ಸುತ್ತುಗಳ ನಡುವಿನ ತಿಕ್ಕಾಟದ ಬಿಸಿ ಆ ಒಂದು ಕೂದಲೆಳೆಯಷ್ಟು ಜಾಗದಲ್ಲಿ ಎಳೆಗಳನ್ನು ಕೆಡಿಸಿಬಿಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಗಂಟನ್ನು ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಬ್ರೇಡ್ ದಾರದಲ್ಲಿ ಅದನ್ನು ತಪ್ಪಿಸಿದವನಿಗೆ ಕ್ಷಮೆಯಿಲ್ಲ.

ತುದಿಯು ಹತ್ತಿಯ ಬತ್ತಿಯಂತೆ ಎಳೆ ಎಳೆಯಾಗಿ ಬಿಡಿಸಿಕೊಂಡಿದ್ದು, ಅದರ ಹಿಂದಿನ ಒಂದೆರಡು ಮೊಳದ ದಾರವೂ ನವಿರು ರೋಮ ಎದ್ದಂತೆ ಕಂಡರೆ ಅದು ಸವೆತ. ನಮ್ಮ ಜಿಲ್ಲೆಗಳಲ್ಲಿ ಈ ದೋಷಕ್ಕೆ ವಿಶೇಷ ಗಮನ ಕೊಡಲೇಬೇಕು. ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಕಾಗಿಣಾ ನದಿ ಫರಸಿ ಕಲ್ಲಿನ ಪದರಗಳ ಮೇಲೆ ಹರಿಯುತ್ತದೆ. ಮನೆಯ ನೆಲಕ್ಕೆ ಹಾಸುವ ಈ ಸುಣ್ಣಕಲ್ಲು ನೀರಿನಲ್ಲಿ ಪದರ ಪದರವಾಗಿ ಮುರಿದು ಕತ್ತಿಯಂಥ ಅಂಚುಗಳನ್ನು ಬಿಟ್ಟಿರುತ್ತದೆ. ಬೀದರ ಕಡೆ ಹಳೆಯ ಕೆರೆಗಳ ಅಂಚಿನ ಜಂಬಿಟ್ಟಿಗೆ ಕಲ್ಲಿನ ತೂತುತೂತಾದ ಮೈಯೂ ದಾರವನ್ನು ಅರದಂತೆ ಉಜ್ಜುತ್ತದೆ. ಬ್ರೇಡ್ ದಾರಕ್ಕೆ ಎಳೆತವನ್ನು ತಡೆಯುವ ಶಕ್ತಿ ಎಷ್ಟಿದೆಯೋ ಬಿಗಿದ ಸ್ಥಿತಿಯಲ್ಲಿ ಕಲ್ಲಿನ ಅಂಚನ್ನು ತಡೆಯುವ ಶಕ್ತಿ ಅಷ್ಟಿಲ್ಲ, ಏಕೆಂದರೆ ಅದರ ಒಂದೊಂದು ನಾರೂ ಅತಿ ಸೂಕ್ಷ್ಮವಾದುದು ಮತ್ತು ಒಂದು ನಾರು ಕಡಿದರೂ ಉಳಿದವುಗಳ ಮೇಲೆ ಆ ಭಾರ ಬೀಳುತ್ತದೆ. ಇಲ್ಲಿ ಐವತ್ತು ಪೌಂಡಿನ ಬದಲು ಎಂಬತ್ತು ಪೌಂಡಿನ ದಾರ ತಂದರೆ ಸ್ವಲ್ಪ ಕಾಲ ಹೆಚ್ಚಿಗೆ ಬಾಳುತ್ತದೆ, ಅಷ್ಟೆ. ಸರಿಯಾದ ಪರಿಹಾರವೆಂದರೆ ತುದಿಗೆ ಎರಡು ಮಾರು ಉದ್ದದ ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್, ಅಂದರೆ ಬ್ರೇಡಿಗೂ ಕೊಕ್ಕೆಗೂ ನಡುವಿನ ತುಂಡುದಾರ, ಕಟ್ಟುವುದು. ಒಂದೇ ಗಟ್ಟಿ ಎಳೆಯಾದ ಆ ದಾರ ಕಲ್ಲಿಗೆ ಉಜ್ಜಿದಾಗ ಮೇಲ್ಮೈಯಲ್ಲಿ ಗೀರು ಬಿದ್ದರೂ ಒಳಗೆ ಉಳಿದುಕೊಳ್ಳುತ್ತದೆ.

ತುದಿ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿದ್ದರೆ ಮೂರು ಕಡೆ ಹುಡುಕಬೇಕು. ಕೊಕ್ಕೆಯ ಹತ್ತಿರವೇ ತುಂಡಾಗಿದ್ದರೆ ಅದು ಮೀನಿನ ಹಲ್ಲು. ಉತ್ತರ ಅಮೆರಿಕದ ಬಾಸ್ ಮೀನಿನ ಬಾಯಿ ಉಪ್ಪುಕಾಗದದಷ್ಟು ಒರಟು ಮಾತ್ರ, ಆದರೆ ಕೊರವ ಮೀನಿಗೆ ನಿಜವಾದ ಚೂಪು ಹಲ್ಲುಗಳಿವೆ. ಆದ್ದರಿಂದ ಬಾಸ್ ಬೇಟೆಗಾರರು ಕೊಕ್ಕೆ ಅಳವಡಿಸಿದ ರಬ್ಬರ್ ಕಪ್ಪೆಗೆ ಬ್ರೇಡ್ ದಾರವನ್ನು ನೇರವಾಗಿ ಕಟ್ಟುವುದನ್ನು ನೋಡಿ ನಾವೂ ಹಾಗೆ ಕಟ್ಟಿದರೆ, ಪ್ರತಿ ಮೀನಿನ ನಂತರ ಕೊನೆಯ ಒಂದು ಮೊಳವನ್ನು ಬೆರಳಲ್ಲಿ ಸವರಿ ನೋಡಬೇಕು, ಒರಟಾಗಿದ್ದರೆ ಕತ್ತರಿಸಿ ಹೊಸ ಗಂಟು ಹಾಕಬೇಕು. ಪ್ರತಿ ಸಲವೂ ಸರಿಸುಮಾರು ಒಂದೇ ಉದ್ದಕ್ಕೆ, ಬೀಸುವಾಗಲೇ ತುಂಡಾಗುತ್ತಿದ್ದರೆ ರಾಡಿನ ಉದ್ದಕ್ಕೂ ದಾರ ಹಾದುಹೋಗುವ ಬಳೆಗಳನ್ನು ಅನುಮಾನಿಸಬೇಕು. ಬಳೆಯೊಳಗಿನ ಪಿಂಗಾಣಿ ಉಂಗುರದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ಸಾಕು. ಹಳೆಯ ನೈಲಾನ್ ಕಾಲ್ಚೀಲದ ಚೂರನ್ನೋ ಹತ್ತಿಯನ್ನೋ ಪ್ರತಿಯೊಂದು ಬಳೆಯೊಳಗೆ ತೂರಿಸಿ ಸುತ್ತಲೂ ಎಳೆದರೆ ಬಿರುಕು ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ತುದಿಯ ಬಳೆಯನ್ನು ಎರಡು ಸಲ ನೋಡಬೇಕು. ಬಳೆಗಳು ಸರಿಯಿದ್ದರೆ ರೀಲಿನ ಕಡೆ, ದಾರ ಹಾದುಬರುವ ಉರುಳೆಯ ಮೇಲೆ ಗೆರೆ ಬಿದ್ದಿದೆಯೇ, ಉರುಳೆ ತಿರುಗುತ್ತಿದೆಯೇ ಎಂದು ನೋಡಬೇಕು.

ದೋಷ ಸ್ಪೂಲಿನಲ್ಲಿದ್ದಾಗ

ಕೈಕೊಡುವ ಬ್ರೇಡ್ ದಾರದ ಬಗ್ಗೆ ಬರುವ ದೂರುಗಳಲ್ಲಿ ಒಂದನ್ನು ಜನರು ರೀಲಿನ ದೋಷವೆಂದೇ ತಿಳಿದು ರೀಲನ್ನು ಬಿಚ್ಚಿಸುತ್ತಾರೆ. ಮೀನು ಎಳೆದಾಗ ದಾರ ಸರಾಗವಾಗಿ ಹೋಗುತ್ತದೆ, ಹಿಡಿಕೆ ತಿರುಗಿಸಿದರೆ ದಾರ ಒಳಗೆ ಬರುವುದಿಲ್ಲ, ಡ್ರ್ಯಾಗನ್ನು ಎಷ್ಟು ಬಿಗಿ ಮಾಡಿದರೂ ಅದೇ ಸ್ಥಿತಿ. ಇಲ್ಲಿ ಡ್ರ್ಯಾಗ್ ಕೆಟ್ಟಿಲ್ಲ; ನುಣುಪಾದ ದಾರದ ಇಡೀ ಉಂಡೆ ಸ್ಪೂಲಿನ ಮೈಮೇಲೆ ಜಾರಿ ಗಿರಗಿರನೆ ತಿರುಗುತ್ತಿದೆ. ಪರೀಕ್ಷೆ ಸುಲಭ. ಸ್ಪೂಲಿನ ಅಂಚಿನಿಂದ ದಾರದ ಮೇಲಕ್ಕೆ ಹಾದುಹೋಗುವಂತೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದು, ಡ್ರ್ಯಾಗ್ ಬಿಗಿ ಮಾಡಿ, ದಾರವನ್ನು ಬಟ್ಟೆಯಲ್ಲಿ ಹಿಡಿದು ಜಗ್ಗಬೇಕು. ಅಂಚಿನ ಗೆರೆ ನಿಂತು ದಾರದ ಗೆರೆ ಮಾತ್ರ ಸರಿದರೆ ದೋಷ ಸಿಕ್ಕಿತು. ದಾರವನ್ನೆಲ್ಲ ಹೊರತೆಗೆದು, ಸ್ಪೂಲಿನ ಮೈಗೆ ವಿದ್ಯುತ್ ತಂತಿಗೆ ಸುತ್ತುವ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿ, ಇಲ್ಲವೇ ಮೊದಲು ಕೆಲವು ಮಾರು ನೈಲಾನ್ ದಾರ ಸುತ್ತಿ ಅದರ ತುದಿಗೆ ಬ್ರೇಡನ್ನು ಗಂಟು ಹಾಕಿ ಸುತ್ತಿದರೆ ಈ ದೋಷ ಮತ್ತೆ ಬರುವುದಿಲ್ಲ. ಅಡಿಯಲ್ಲಿ ನೈಲಾನ್ ಸುತ್ತುವುದರಿಂದ ದುಬಾರಿ ದಾರವೂ ಕಡಿಮೆ ಸಾಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ದಾರ ಹೂತುಕೊಳ್ಳುವ ದೋಷ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ (ಬೀಸುವಾಗ ಸ್ಪೂಲೇ ತಿರುಗುವ ಬಗೆಯದು) ಸಡಿಲವಾಗಿ ಸುತ್ತಿದ ತೆಳುದಾರದ ಮೇಲೆ ಒಮ್ಮೆ ದೊಡ್ಡ ಮೀನಿನ ಎಳೆತ ಬಿದ್ದರೆ, ಅಥವಾ ಬಳ್ಳಾರಿ ಜಾಲಿಯ ಮುಳುಗಿದ ಕೊಂಬೆಗೆ ಸಿಕ್ಕ ಕೊಕ್ಕೆಯನ್ನು ರಾಡಿನಿಂದಲೇ ಜಗ್ಗಿದರೆ, ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಇಳಿದು ಕುಳಿತುಕೊಳ್ಳುತ್ತದೆ. ಮುಂದಿನ ಸಲ ಬೀಸಿದಾಗ ಅಲ್ಲಿಗೆ ಬಂದು ದಾರ ತಟ್ಟನೆ ನಿಲ್ಲುತ್ತದೆ, ಹಾರುತ್ತಿದ್ದ ಕೃತಕ ಮೀನಿನ ವೇಗವೆಲ್ಲ ಒಂದೇ ಕ್ಷಣ ದಾರದ ಮೇಲೆ ಬೀಳುತ್ತದೆ, ಪಟ್ಟೆಂದು ತುಂಡಾಗುತ್ತದೆ. ನನ್ನ ತಿಳಿವಿನಲ್ಲಿ ಬೀಸುವಾಗ ಕಳೆದುಹೋಗುವ ದುಬಾರಿ ಕೃತಕ ಮೀನುಗಳಲ್ಲಿ ಹೆಚ್ಚಿನವು ಹೋಗುವುದು ಹೀಗೆಯೇ. ಹೊಸ ದಾರ ಸುತ್ತುವಾಗ ಒದ್ದೆ ಬಟ್ಟೆಯ ನಡುವೆ ಅದನ್ನು ಹಿಡಿದು, ಉಂಡೆಯನ್ನು ಹೆಬ್ಬೆರಳಿಂದ ಒತ್ತಿದರೆ ತಗ್ಗದಷ್ಟು ಬಿಗಿಯಾಗಿ ಸುತ್ತಬೇಕು. ಬೇಟ್‌ಕಾಸ್ಟಿಂಗ್ ರೀಲಿಗೆ ಮೂವತ್ತು ಪೌಂಡಿಗಿಂತ ತೆಳುವಾದ ದಾರ ಬೇಡ. ಸಿಕ್ಕಿಕೊಂಡ ಕೊಕ್ಕೆಯನ್ನು ಬಿಡಿಸುವಾಗ ದಾರವನ್ನು ಒಂದು ಕೋಲಿಗೆ ಸುತ್ತಿ ನೇರವಾಗಿ ಹಿಂದಕ್ಕೆ ನಡೆಯಬೇಕು. ಬರಿಗೈಗೆ ಎಂದೂ ಸುತ್ತಿಕೊಳ್ಳಬಾರದು, ಈ ದಾರ ಚರ್ಮವನ್ನು ಮೂಳೆಯವರೆಗೆ ಕೊಯ್ಯಬಲ್ಲದು.

ಬೀಸುವಾಗ ಸ್ಪೂಲು ತಿರುಗದೆ ದಾರ ಅದರ ಅಂಚಿನಿಂದ ಕಳಚಿ ಹೋಗುವ ಸ್ಪಿನ್ನಿಂಗ್ ರೀಲಿನವರ ಸಂಕಟ ಬೇರೆ. ಬೀಸಿದಾಗ ದಾರ ಕಂತೆಯಾಗಿ ಹೊರಬಂದು ಮೊದಲ ಬಳೆಯಲ್ಲಿ ಗಂಟಾಗುತ್ತದೆ. ಇದನ್ನು ಗಾಳಿಗಂಟು ಎಂದು ಕರೆಯುತ್ತಾರೆ. ಮಳೆಗಾಲದ ಆರಂಭದಲ್ಲಿ ನಮ್ಮ ಬಯಲುಸೀಮೆಯ ಜಲಾಶಯಗಳ ಮೇಲೆ ಬೀಸುವ ಪಡುವಣ ಗಾಳಿ ಇದಕ್ಕೆ ನೆರವಾಗುವುದೂ ನಿಜ. ಆದರೆ ಮೂಲಕಾರಣ ಗಾಳಿಯಲ್ಲ, ಸ್ಪೂಲಿನ ಮೇಲೆ ಉಳಿದ ಸಡಿಲ ಕುಣಿಕೆ. ಹಿಡಿಕೆ ತಿರುಗಿಸಿ ಬೇಲ್ ತಂತಿ, ಅಂದರೆ ದಾರವನ್ನು ಸ್ಪೂಲಿಗೆ ಸುತ್ತಿಸುವ ಕಮಾನು, ಮುಚ್ಚುವ ಅಭ್ಯಾಸ ಬಿಟ್ಟು, ಕೈಯಿಂದಲೇ ಮುಚ್ಚಿ, ದಾರವನ್ನು ಬೆರಳಲ್ಲಿ ಒಮ್ಮೆ ಬಿಗಿಯಾಗಿ ಎಳೆದುಕೊಂಡ ನಂತರ ಸುತ್ತಲು ಆರಂಭಿಸಿದರೆ ಅರ್ಧ ದೋಷ ಅಲ್ಲಿಗೇ ಹೋಗುತ್ತದೆ. ಉಳಿದರ್ಧಕ್ಕೆ ಸ್ಪೂಲನ್ನು ಅಂಚಿನವರೆಗೆ ತುಂಬದೆ ಎರಡು ಮೂರು ಮಿಲಿಮೀಟರ್ ಕಡಿಮೆ ಬಿಡಬೇಕು. ಹತ್ತು ಗ್ರಾಮಿಗಿಂತ ಹಗುರವಾದ ಕೃತಕ ಮೀನಿಗೆ ಮೂವತ್ತು ಪೌಂಡಿನ ದಾರ ಕಟ್ಟಿದ್ದರೆ ಅದನ್ನು ಬದಲಿಸಿ ಹತ್ತು, ಹದಿನೈದು ಪೌಂಡಿಗೆ ಇಳಿಯಬೇಕು.

ದಾರ ಉಳಿದೂ ಮೀನು ತಪ್ಪಿದರೆ

ಈ ದೋಷವನ್ನು ಯಾರೂ ದಾರದ ಲೆಕ್ಕಕ್ಕೆ ಬರೆಯುವುದಿಲ್ಲ, ಆದರೆ ದಾರದ ಆಯ್ಕೆಯೇ ಇದಕ್ಕೆ ಕಾರಣ. ನೈಲಾನ್ ದಾರ ಎಳೆದಾಗ ಸಾಕಷ್ಟು ಹಿಗ್ಗುತ್ತದೆ. ಬ್ರೇಡ್ ದಾರ ನೂರಕ್ಕೆ ಮೂರು ನಾಲ್ಕರಷ್ಟು ಮಾತ್ರ ಹಿಗ್ಗುತ್ತದೆ. ಮೀನು ದಡದ ಹತ್ತಿರ ತಲೆ ಕೊಡವಿದಾಗ ನೈಲಾನ್ ಆ ಜಗ್ಗಾಟವನ್ನು ನುಂಗಿಕೊಳ್ಳುತ್ತಿತ್ತು. ಬ್ರೇಡ್ ದಾರದಲ್ಲಿ ಅದು ನೇರವಾಗಿ ಕೊಕ್ಕೆಗೆ ತಲುಪಿ, ಕೊಕ್ಕೆ ಕಚ್ಚಿದ ರಂಧ್ರ ಅಗಲವಾಗುತ್ತ ಹೋಗಿ, ಕೊಕ್ಕೆ ಕಳಚಿಕೊಳ್ಳುತ್ತದೆ. ತೆಳುವಾದ ತ್ರಿಮುಖ ಕೊಕ್ಕೆಗಳಿರುವ, ನೀರಿನೊಳಗೆ ಒಂದೇ ಸಮನೆ ಎಳೆದು ತರುವ ಕ್ರ್ಯಾಂಕ್‌ಬೈಟ್‌ನಂಥ ಕೃತಕ ಮೀನುಗಳಲ್ಲಿ ಈ ತೊಂದರೆ ಹೆಚ್ಚು, ಬಾಸ್ ಬೇಟೆಗಾರರು ಅವುಗಳಿಗೆ ಬ್ರೇಡ್ ಬಿಟ್ಟು ನೈಲಾನ್ ಅಥವಾ ಫ್ಲೋರೋಕಾರ್ಬನ್ ದಾರ ಸುತ್ತುವುದಕ್ಕೆ ಇದೂ ಒಂದು ಕಾರಣ. ಎರಡು ರೀಲು ಇಟ್ಟುಕೊಳ್ಳಲು ಆಗದವರು ಡ್ರ್ಯಾಗನ್ನು ಸಡಿಲಿಸಿ, ಮೆದು ರಾಡು ಹಿಡಿದು, ಮೂರು ಮಾರು ನೈಲಾನ್ ಲೀಡರ್ ಕಟ್ಟಿದರೆ ಸಾಕು.

ರಬ್ಬರ್ ಕಪ್ಪೆಗೆ ಮೀನು ಎದ್ದು ಬಡಿದರೂ ಕೊಕ್ಕೆ ನಾಟುತ್ತಿಲ್ಲ ಎನ್ನುವವರ ಸಮಸ್ಯೆ ಇದರದೇ ಇನ್ನೊಂದು ಮುಖ. ಹಿಗ್ಗುವ ದಾರದಲ್ಲಿ ಕೈಯ ಜಗ್ಗು ಮೀನಿಗೆ ತಲುಪುವಷ್ಟರಲ್ಲಿ ತುಸು ತಡವಾಗುತ್ತಿತ್ತು, ಅಷ್ಟರಲ್ಲಿ ಮೀನು ಬಾಯಿ ಮುಚ್ಚಿರುತ್ತಿತ್ತು. ಬ್ರೇಡ್ ದಾರದಲ್ಲಿ ಸದ್ದು ಕೇಳಿದೊಡನೆ ಜಗ್ಗಿದರೆ ಕಪ್ಪೆ ಬಾಯಿಂದಲೇ ಹೊರಬರುತ್ತದೆ. ನೀರು ಚಿಮ್ಮಿದ್ದನ್ನು ಕಂಡು ಜಗ್ಗದೆ, ದಾರದಲ್ಲಿ ಮೀನಿನ ಭಾರ ತಿಳಿದ ಮೇಲೆ ಜಗ್ಗಬೇಕು.

ವಿಧಾನಕ್ಕೆ ತಕ್ಕ ದಾರ

ಬ್ರೇಡ್ ದಾರದ ಬಗ್ಗೆ ಸಿಗುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಬಾಸ್ ಬೇಟೆಯಿಂದ ಬಂದದ್ದು. ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. 1925ರಲ್ಲಿ ಅದನ್ನು ಜಪಾನಿನ ಆಶಿ ಸರೋವರಕ್ಕೂ ತಂದು ಬಿಟ್ಟರು. ನಮ್ಮ ಕಾಗಿಣಾ, ಭೀಮಾ, ಕೃಷ್ಣೆಯರಲ್ಲಿ ಅದಿಲ್ಲ, ಆದರೆ ಅಡಗಿ ಕುಳಿತು ಬೇಟೆಯಾಡುವ ಸ್ವಭಾವದಲ್ಲಿ ಮುರ್ರೆಲ್ ಎಂದೂ ಕರೆಯುವ ನಮ್ಮ ಕೊರವ ಮೀನು ಅದಕ್ಕೆ ಹತ್ತಿರವಾದ್ದರಿಂದ ಅಲ್ಲಿಯ ವಿಧಾನಗಳು ಇಲ್ಲಿಗೂ ಸಲ್ಲುತ್ತವೆ. ಗಮನಿಸಬೇಕಾದದ್ದು ಇದು: 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕ ದಾಖಲೆಯ ಬಾಸ್ 22 ಪೌಂಡ್ 4 ಔನ್ಸ್ ತೂಗಿತ್ತು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಹಿಡಿದದ್ದೂ ಅಷ್ಟೇ, ಅಂದರೆ ಸುಮಾರು ಹತ್ತು ಕಿಲೋ. ಇಡೀ ಜಗತ್ತಿನ ಅತಿ ದೊಡ್ಡ ಬಾಸ್ 22 ಪೌಂಡಿನದಾಗಿರುವಾಗ ಬೇಟೆಗಾರರು ರಬ್ಬರ್ ಕಪ್ಪೆಗೆ ಐವತ್ತರಿಂದ ಅರವತ್ತೈದು ಪೌಂಡಿನ ದಾರ ಸುತ್ತುವುದು ಮೀನಿನ ತೂಕಕ್ಕಲ್ಲ. ಮೀನಿನ ಜೊತೆಗೆ ಬರುವ ಜಲಸಸ್ಯದ ಹೊರೆಗಾಗಿ, ಬೇರುಕಾಂಡಗಳನ್ನು ಕೊಯ್ದುಕೊಂಡು ಬರುವುದಕ್ಕಾಗಿ, ಸ್ಪೂಲಿನಲ್ಲಿ ಹೂತುಕೊಳ್ಳದಷ್ಟು ದಪ್ಪ ಬೇಕೆಂಬುದಕ್ಕಾಗಿ.

ಆದುದರಿಂದ ಅಂತರಗಂಗೆ, ಆಪು, ತಾವರೆಯ ನಡುವೆ ಕಪ್ಪೆ ಎಳೆಯುವಲ್ಲಿ ಐವತ್ತು ಅಥವಾ ಅರವತ್ತೈದು ಪೌಂಡಿನ, ನಾಲ್ಕೆಳೆಯ ದಾರವೇ ಸರಿ. ನಾಲ್ಕೆಳೆಯದು ಮೈ ಒರಟಾಗಿರುವುದರಿಂದ ಸಸ್ಯವನ್ನು ಚೆನ್ನಾಗಿ ಕೊಯ್ಯುತ್ತದೆ, ಬಳೆಗಳಲ್ಲಿ ಸದ್ದು ಮಾಡುವುದು ಅದರ ದೋಷವಲ್ಲ. ತೆರೆದ ನೀರಿನಲ್ಲಿ ಮೇಲ್ಮೈಯಲ್ಲಿ ತೇಲುವ ಕೃತಕ ಮೀನುಗಳನ್ನು ದೂರಕ್ಕೆ ಎಸೆದು ಆಡಿಸುವಾಗ ಮೂವತ್ತು, ನಲವತ್ತು ಪೌಂಡಿನ ಎಂಟೆಳೆಯ ದಾರ ಉತ್ತಮ. ನೀರಿಗಿಂತ ಹಗುರವಾಗಿ ತೇಲುವುದರಿಂದ ಅದು ಕೃತಕ ಮೀನಿನ ಮೂಗನ್ನು ಕೆಳಗೆ ಎಳೆಯುವುದಿಲ್ಲ. ಆದರೆ ಬಳುಕುವ ದಾರ ಮುಂದಿನ ಕೊಕ್ಕೆಗೆ ಸುತ್ತಿಕೊಳ್ಳುತ್ತಿದ್ದರೆ ತುದಿಗೆ ಒಂದು ಮೊಳ ಬಿರುಸು ನೈಲಾನ್ ಕಟ್ಟಬೇಕು. ಚಳಿಗಾಲದಲ್ಲಿ ತಿಳಿಯಾದ ನೀರಿನಲ್ಲಿ ಹಗುರ ಬೇಟೆಗೆ ಹತ್ತರಿಂದ ಹದಿನೈದು ಪೌಂಡಿನ ಬ್ರೇಡು, ಅದಕ್ಕೆ ಎಂಟು ಹತ್ತು ಪೌಂಡಿನ ಫ್ಲೋರೋಕಾರ್ಬನ್ ಲೀಡರ್. ಡಬಲ್ ಯುನಿ ಗಂಟಿನಿಂದ ಇವೆರಡನ್ನು ಕೂಡಿಸುವಾಗ ಬ್ರೇಡಿನ ಕಡೆ ಎಂಟು ಸುತ್ತು, ಲೀಡರ್ ಕಡೆ ನಾಲ್ಕೈದು ಸುತ್ತು. ಆ ಗಂಟು ಬೀಸುವಾಗ ಬಳೆಗಳಿಗೆ ಬಡಿದು ದೂರ ಕಡಿಮೆಯಾಗುತ್ತಿದ್ದರೆ ಗಂಟು ರಾಡಿನ ತುದಿಯ ಹೊರಗೇ ಉಳಿಯುವಷ್ಟು ಲೀಡರನ್ನು ಚಿಕ್ಕದು ಮಾಡಬೇಕು, ಇಲ್ಲವೇ ತೆಳುವಾಗಿ ಕೂರುವ ಎಫ್‌ಜಿ ಗಂಟನ್ನು ಕಲಿಯಬೇಕು.

ಪೆಟ್ಟಿಗೆಯ ಮೇಲಿನ ಪೌಂಡನ್ನು ಮಾತ್ರ ನಂಬಿ ಕೊಳ್ಳಬಾರದು, ದಪ್ಪವನ್ನೂ ನೋಡಬೇಕು. ಜಪಾನಿನ ಪಿಇ ಸಂಖ್ಯೆ ದಪ್ಪವನ್ನು ಸೂಚಿಸುತ್ತದೆ: ಒಂದನೆಯ ಸಂಖ್ಯೆಗೆ 0.165 ಮಿಲಿಮೀಟರ್, ಎರಡಕ್ಕೆ 0.235, ನಾಲ್ಕಕ್ಕೆ 0.33. ಸಂಖ್ಯೆಯಿಲ್ಲದ ದಾರವನ್ನು ಪೆನ್ಸಿಲ್ಲಿಗೆ ಒತ್ತೊತ್ತಾಗಿ ಇಪ್ಪತ್ತು ಸುತ್ತು ಸುತ್ತಿ, ಆ ಅಗಲವನ್ನು ಸ್ಕೇಲಿನಿಂದ ಅಳೆದು ಇಪ್ಪತ್ತರಿಂದ ಭಾಗಿಸಿದರೆ ದಪ್ಪ ಸುಮಾರಾಗಿ ತಿಳಿಯುತ್ತದೆ.

ಬಣ್ಣ, ಕೆಸರು ಮತ್ತು ಹಳೆಯ ದಾರ

ಬಣ್ಣ ಹೋದ ಮಾತ್ರಕ್ಕೆ ದಾರವನ್ನು ಎಸೆಯಬೇಕಿಲ್ಲ. ಈ ನಾರಿಗೆ ಬಣ್ಣ ಒಳಗೆ ಇಳಿಯುವುದಿಲ್ಲ, ಮೇಲಷ್ಟೇ ಹತ್ತಿರುತ್ತದೆ. ಬಿಳಿಚಿಕೊಂಡ ದಾರ ರೋಮ ಏಳದೆ ನುಣುಪಾಗಿದ್ದರೆ ಬಲವಾಗಿಯೇ ಇದೆ. ನೀರನ್ನು ಹೀರುವುದಿಲ್ಲವಾದ್ದರಿಂದ ನೆನೆದು ಕೆಡುವ ಭಯವೂ ಇಲ್ಲ. ಕೆಡಿಸುವುದು ಕೆಸರು. ಎರೆಭೂಮಿಯ ಸಣ್ಣ ಮಣ್ಣು ಹೆಣಿಗೆಯ ಸಂದುಗಳಲ್ಲಿ ಸೇರಿ ಒಣಗಿದರೆ ದಾರ ಬಿರುಸಾಗುತ್ತದೆ, ಬೀಸುವ ದೂರ ತಗ್ಗುತ್ತದೆ, ಬಳೆಗಳೂ ಸವೆಯುತ್ತವೆ. ಮಳೆಗಾಲದ ಭೀಮೆಯಲ್ಲಿ ಗಾಳ ಹಾಕಿ ಬಂದ ರಾತ್ರಿ ಸ್ಪೂಲನ್ನು ಬಕೆಟ್ಟಿನ ಶುದ್ಧ ನೀರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ನೆರಳಿನಲ್ಲಿ ಒಣಗಿಸಬೇಕು. ಕತ್ತರಿಸಿದ ತುಂಡುಗಳನ್ನು ದಡದಲ್ಲಿ ಬಿಡಬಾರದು. ಇವು ಕೊಳೆಯುವುದಿಲ್ಲ, ದನಗಳ ಕಾಲಿಗೂ ಹಕ್ಕಿಗಳ ರೆಕ್ಕೆಗೂ ಸುತ್ತಿಕೊಳ್ಳುತ್ತವೆ.

ಮುಂದಿನ ಕೆಲವು ಮಾರು ಪೂರ್ತಿ ರೋಮ ಎದ್ದಿದ್ದರೆ ಅಷ್ಟನ್ನು ಕತ್ತರಿಸಬೇಕು. ಬೀಸುವ ದೂರದಷ್ಟೂ ಸವೆದಿದ್ದರೆ ದಾರವನ್ನು ತಿರುವುಮುರುವು ಮಾಡಬೇಕು: ಇನ್ನೊಂದು ಖಾಲಿ ಸ್ಪೂಲಿಗೆ ಬಿಗಿಯಾಗಿ ಸುತ್ತಿಕೊಂಡು, ಅಡಿಯಲ್ಲಿದ್ದ ಹೊಸ ಭಾಗ ಮೇಲೆ ಬರುವಂತೆ ರೀಲಿಗೆ ಸೇರಿಸಿದರೆ ಅದೇ ದಾರ ಮತ್ತೆ ಹೊಸದರಂತೆ ಬಾಳುತ್ತದೆ. ಹಾಗೆ ಮಾಡಿದ ಮೇಲೆ ತುದಿಗೆ ಗಂಟು ಹಾಕಿ, ಕಿರಾಣಿ ಅಂಗಡಿಗಳಲ್ಲಿ ಬಳಸುವ ಸ್ಪ್ರಿಂಗ್ ತಕ್ಕಡಿಯ ಕೊಂಡಿಗೆ ಸಿಕ್ಕಿಸಿ, ರಾಡನ್ನು ಬಾಗಿಸಿ ಎಳೆಯಬೇಕು. ಕಪ್ಪೆಗೆ ಐದಾರು ಕಿಲೋಗೆ, ಹಗುರ ಬೇಟೆಗೆ ಒಂದು ಒಂದೂವರೆ ಕಿಲೋಗೆ ಡ್ರ್ಯಾಗ್ ಜಾರುವಂತೆ ಹೊಂದಿಸಬೇಕು. ಗಂಟು ಈ ಎಳೆತಕ್ಕೆ ನಿಲ್ಲದಿದ್ದರೆ ಮತ್ತೆ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಒದ್ದೆ ಮಾಡಿ ಸರಿಯಾಗಿ ಹಾಕಿದ ಪಾಲೋಮಾರ್ ಗಂಟು ಮನೆಯಂಗಳದಲ್ಲೇ ಮೂರು ಸಲ ಕೈಕೊಟ್ಟರೆ, ಸವೆತವೂ ಕಾಣದಿದ್ದರೆ, ಆಗ ದಾರವೇ ಕಳಪೆಯೆಂದು ತೀರ್ಮಾನಿಸಿ ಬೇರೆ ದಾರ ತರಬಹುದು.